ಒಂದೇ ಸಾಲಿನ ಎರಡು ಮರ: ಪ್ರಾಬಬಿಲಿಟಿ ಸಂಶೋಧನೆಯಲ್ಲಿ ನನ್ನ ಅನುಭವ

ಪಿಎಚ್‌ಡಿಯ ಮೂರನೇ ವರ್ಷದಲ್ಲಿ ನಾನು ಬರೆದ ಮೊದಲ ಪೇಪರ್ ತಪ್ಪಾಗಿತ್ತು. ಎಲ್ಲೋ ಒಂದು ಪ್ಲಸ್ಸು ಮೈನಸ್ಸು ತಪ್ಪಿದ್ದಲ್ಲ, ಮುಖ್ಯ ಪ್ರಮೇಯವೇ ಸುಳ್ಳು. ಅಷ್ಟೊತ್ತಿಗೆ ಅದನ್ನು, ಅಚ್ಚಾಗುವ ಮೊದಲೇ ಪೇಪರ್‌ಗಳನ್ನು ಎಲ್ಲರಿಗೂ ಓದಲು ಇಡುವ ಜಾಲತಾಣವಾದ ಆರ್ಕೈವ್‌ಗೆ ಹಾಕಿ ಆಗಿತ್ತು, ಒಂದು ಜರ್ನಲ್ಲಿಗೂ ಕಳಿಸಿ ಆಗಿತ್ತು. ಆ ತಪ್ಪು ಹೇಗೆ ಆಯ್ತು, ಹೇಗೆ ಸಿಕ್ಕಿತು, ಆಮೇಲೆ ಏನು ಮಾಡಿದೆ ಅನ್ನೋದನ್ನು ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು. ಊರಿಗೆ ಹೋದಾಗೆಲ್ಲ ಬಿ.ಎಸ್ಸಿ. ಓದುವ ಹುಡುಗರು, ಹುಡುಗಿಯರು ಕೇಳುತ್ತಾರೆ, "ಅಕ್ಕಾ, ಗಣಿತದಲ್ಲಿ ಸಂಶೋಧನೆ ಅಂದ್ರೆ ದಿನಾ ಎಂತ ಮಾಡೂದು? ಎಲ್ಲಾ ಮೊದಲೇ ಕಂಡುಹಿಡಿದು ಆಯ್ದಲ?" ಈ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಆ ತಪ್ಪಿನ ಕತೆಯೇ.

ನನ್ನ ಊರು ಕುಮಟಾ ಹತ್ತಿರ. ಪ್ರಾಬಬಿಲಿಟಿ ಅನ್ನುವ ಶಬ್ದ ಗೊತ್ತಾಗುವ ಮೊದಲೇ ಅದನ್ನು ನೋಡಿದ್ದು ಬಂಡಿಹಬ್ಬದಲ್ಲಿ, ಗರಗರ ಮಂಡಲ ಅನ್ನುವ ದಾಳದ ಜೂಜಿನ ಹಾಸಿನ ಮುಂದೆ. ಗ್ಯಾಸ್‌ಲೈಟಿನ ಬೆಳಕು, ನೆಲದ ಮೇಲೆ ಆರು ಚಿತ್ರ ಬರೆದ ಹಾಸು, ಅದೇ ಆರು ಚಿತ್ರವಿರುವ ಮೂರು ದಾಳ, ಒಂದು ಡಬ್ಬಿ. ನಿಮ್ಮ ಚಿತ್ರ ಒಂದು ದಾಳದಲ್ಲಿ ಬಂದರೆ ಹಾಕಿದಷ್ಟು ಲಾಭ, ಎರಡರಲ್ಲಿ ಬಂದರೆ ಎರಡರಷ್ಟು, ಮೂರರಲ್ಲೂ ಬಂದರೆ ಮೂರರಷ್ಟು. ದೊಡ್ಡಪ್ಪನ ಮಗ ನನಗಿಂತ ನಾಲ್ಕು ವರ್ಷ ದೊಡ್ಡವನು, ಒಂದು ರಾತ್ರಿ ಪೂರ್ತಿ ಒಂದೇ ಚಿತ್ರಕ್ಕೆ ದುಡ್ಡು ಹಾಕಿದ. "ಎಂಟು ಸಲದಿಂದ ಬಂದಿಲ್ಲೆ, ಇನ್ನು ಬರಲೇಬೇಕು" ಅಂತ ಅವನ ಲೆಕ್ಕ. ಜೇಬು ಖಾಲಿಯಾಗುವವರೆಗೂ ಅದೇ ಮಾತು.

ಪಿಯುಸಿಯಲ್ಲಿ ಪಾಠ ಬಂದಾಗ ನಾನು ಮೊದಲು ಮಾಡಿದ್ದು ಆ ಆಟದ ಲೆಕ್ಕ. ಮೂರು ದಾಳದ ಒಟ್ಟು ಸಾಧ್ಯತೆ 216. ನಮ್ಮ ಚಿತ್ರ ಬಾರದೇ ಇರುವುದು 125, ಒಂದು ಸಲ ಬರುವುದು 75, ಎರಡು ಸಲ 15, ಮೂರೂ ಬರುವುದು 1. ಕೂಡಿ ಕಳೆದರೆ 216 ಆಟಕ್ಕೆ 17 ಪಾಲು ನಷ್ಟ. ಹತ್ತು ರೂಪಾಯಿ ಹಾಕಿದರೆ ಸರಾಸರಿ 79 ಪೈಸೆ ಹಾಸಿನವನ ಪಾಲು, ಪ್ರತಿ ಸಲ. ಎಂಟು ಸಲ ಬಾರದೇ ಇದ್ದದ್ದು ಒಂಬತ್ತನೇ ಸಲಕ್ಕೆ ಏನೂ ಅಲ್ಲ, ಯಾಕೆಂದರೆ ದಾಳಕ್ಕೆ ಹಿಂದಿನ ನೆನಪಿಲ್ಲ. ಇದನ್ನೇ ನಾವು ಸ್ವಾತಂತ್ರ್ಯ ಅನ್ನುತ್ತೇವೆ: ಒಂದು ಘಟನೆ ಇನ್ನೊಂದರ ಸಾಧ್ಯತೆಯನ್ನು ಬದಲಿಸದೇ ಇರುವುದು. ಹಾಗಿದ್ದಾಗ ಎರಡರ ಸಾಧ್ಯತೆಯನ್ನು ಸುಮ್ನೆ ಗುಣಿಸಬಹುದು. ಅಣ್ಣ ಇಲ್ಲದ ಸಂಬಂಧವನ್ನು ಇದೆ ಅಂದುಕೊಂಡಿದ್ದ. ಹತ್ತು ವರ್ಷ ಆದ ಮೇಲೆ ನಾನು ಅದನ್ನೇ ತಿರುಗಾಮುರುಗಾ ಮಾಡಿದೆ, ಇದ್ದ ಸಂಬಂಧವನ್ನು ಇಲ್ಲ ಅಂದುಕೊಂಡೆ.

ನಡುವಿನ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ಕುಮಟಾದಲ್ಲಿ ಬಿ.ಎಸ್ಸಿ., ಧಾರವಾಡದಲ್ಲಿ ಎಂ.ಎಸ್ಸಿ. ಬಿ.ಎಸ್ಸಿ. ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ಎಂಟಿಟಿಎಸ್ (ಮ್ಯಾಥಮೆಟಿಕ್ಸ್ ಟ್ರೇನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ಶಿಬಿರಕ್ಕೆ ಹೋದದ್ದು ನನಗೆ ದೊಡ್ಡ ತಿರುವು. 1993ರಿಂದ ನಡೆಯುತ್ತಿರುವ ಈ ಶಿಬಿರದಲ್ಲಿ ನಾಲ್ಕು ವಾರ ಬೆಳಿಗ್ಗೆಯಿಂದ ಸಂಜೆವರೆಗೆ ಗಣಿತವೇ. ಪಾಠ ಮಾಡುವವರು ಉತ್ತರ ಹೇಳುವುದಿಲ್ಲ, "ಯಾಕೆ?" ಅಂತ ಕೇಳುತ್ತಲೇ ಇರುತ್ತಾರೆ. ಮೊದಲ ವಾರ ನನಗೆ ಅಳು ಬಂದಿತ್ತು, ನಾಲ್ಕನೇ ವಾರ ಮನೆಗೆ ಬರಲು ಮನಸ್ಸಿರಲಿಲ್ಲ. ಈಗ ಓದುತ್ತಿರುವವರು ದಯವಿಟ್ಟು ಅರ್ಜಿ ಹಾಕಿ. ಹಾಗೇ ಎನ್‌ಬಿಎಚ್‌ಎಂ ಅಂದರೆ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ವಿದ್ಯಾರ್ಥಿವೇತನವಿದೆ, ಸಿಎಸ್‌ಐಆರ್ ನೆಟ್ ಇದೆ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನದ್ದೇ ಬೇರೆ ಪ್ರವೇಶ ಪರೀಕ್ಷೆ ಇದೆ. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಇವುಗಳ ಹೆಸರೇ ಗೊತ್ತಿರುವುದಿಲ್ಲ, ಗೊತ್ತಾಗುವಷ್ಟರಲ್ಲಿ ಬಿ.ಎಡ್. ಸೇರಿರುತ್ತಾರೆ. ನನಗೆ ಪಿಎಚ್‌ಡಿ ಸೀಟು ಸಿಕ್ಕಿದ್ದು ಬೆಂಗಳೂರಿನಲ್ಲಿ.

ಇನ್ನು ನನ್ನ ಸಮಸ್ಯೆಗೆ ಬರುತ್ತೇನೆ. ಅದು ಸಿಕ್ಕಿದ್ದು ಆಯಿಯ, ಅಂದರೆ ಅಮ್ಮನ, ತವರುಮನೆಯಲ್ಲಿ, ಶಿರಸಿ ಹತ್ತಿರ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಹೋಗಬೇಕು. ಆ ವರ್ಷ ಜುಲೈನಲ್ಲಿ ಮಳೆ ಹಿಡಿದದ್ದು ಬಿಟ್ಟೇ ಇರಲಿಲ್ಲ. ಮಾವ ಮಳೆ ಶುರುವಾಗುವ ಮೊದಲೇ ಅಡಿಕೆಗೆ ಒಂದು ಸಲ ಮದ್ದು ಹೊಡೆಸಿದ್ದ, ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು, ಅದೇ ಬೋರ್ಡೋ ದ್ರಾವಣ. ಎರಡನೇ ಸಲ ಹೊಡೆಯಲು ಮಳೆ ಬಿಡಲಿಲ್ಲ, ಕೊನೆಗೌಡ ಮರ ಹತ್ತುವ ಹಾಗೂ ಇರಲಿಲ್ಲ. ತೋಟಕ್ಕೆ ಇಳಿದರೆ ಮರದ ಬುಡದಲ್ಲಿ ಹಸಿರು ಅಡಿಕೆ ಉದುರಿ ಬಿದ್ದು, ಮೇಲೆ ಬಿಳಿ ಬೂಸರು ಹಿಡಿದು ಕೊಳೆತ ವಾಸನೆ. ಕೊಳೆರೋಗ. ಮಾವ ಕೈಯಲ್ಲಿ ನಾಲ್ಕು ಅಡಿಕೆ ಹಿಡಿದು ತಿರುಗಿಸಿ ನೋಡಿ, ಮಾತಾಡದೇ ಕೆಳಗೆ ಹಾಕಿದ.

ನಾನು ನೋಡುತ್ತಾ ಇದ್ದದ್ದು ಸಾಲುಗಳನ್ನು. ಒಂಬತ್ತು ಅಡಿಗೊಂದು ಮರ, ಉದ್ದಕ್ಕೂ ಅಡ್ಡಕ್ಕೂ, ಥೇಟ್ ಗ್ರಾಫ್ ಕಾಗದ. ರೋಗ ಹನಿಯ ಜೊತೆ ಸಿಡಿದು ಒಂದು ಮರದಿಂದ ಪಕ್ಕದ ಮರಕ್ಕೆ ಹೋಗುತ್ತದೆ, ಅಥವಾ ಹೋಗುವುದಿಲ್ಲ. ಇದಕ್ಕೆ ಗಣಿತದಲ್ಲಿ ಮೊದಲೇ ಒಂದು ಮಾದರಿ ಇದೆ, ಪರ್ಕೊಲೇಶನ್ ಅಂತ. 1957ರಲ್ಲಿ ಬ್ರಾಡ್‌ಬೆಂಟ್ ಮತ್ತು ಹ್ಯಾಮರ್‌ಸ್ಲಿ ಇದನ್ನು ಶುರು ಮಾಡಿದರು. ಚೌಕುಳಿಯಲ್ಲಿ ಅಕ್ಕಪಕ್ಕದ ಎರಡು ಬಿಂದುಗಳ ನಡುವೆ ಒಂದೊಂದು ಬಾಗಿಲು, ಪ್ರತಿ ಬಾಗಿಲೂ ಪಿ ಸಾಧ್ಯತೆಯಲ್ಲಿ ತೆರೆದಿರುತ್ತದೆ, ಒಂದಕ್ಕೊಂದು ಸಂಬಂಧ ಇಲ್ಲ. ಪಿ ಕಡಿಮೆ ಇದ್ದರೆ ತೆರೆದ ಬಾಗಿಲುಗಳ ಗುಂಪು ಅಲ್ಲಲ್ಲೇ ಮುಗಿಯುತ್ತದೆ, ಜಾಸ್ತಿಯಾದರೆ ಅನಂತ ದೂರದವರೆಗೂ ದಾರಿ ಸಿಗುತ್ತದೆ. ನಡುವಿನ ಹೊಸ್ತಿಲು ಸರಿಯಾಗಿ ಅರ್ಧ ಅಂತ ತೋರಿಸಿದ್ದು ಹ್ಯಾರಿ ಕೆಸ್ಟನ್, 1980ರಲ್ಲಿ. ಸಮಸ್ಯೆ ಹುಟ್ಟಿ ಇಪ್ಪತ್ತಮೂರು ವರ್ಷಕ್ಕೆ! ಹೇಳಿದರೆ ಹೈಸ್ಕೂಲು ಮಕ್ಕಳಿಗೂ ಅರ್ಥವಾಗುವ ಪ್ರಶ್ನೆ, ಉತ್ತರಕ್ಕೆ ಅಷ್ಟು ವರ್ಷ. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಆದರೆ ಮಾವನ ತೋಟದಲ್ಲಿ ಎಲ್ಲಾ ಸಾಲೂ ಒಂದೇ ಥರ ಇರಲಿಲ್ಲ. ಬಸಿಗಾಲುವೆ ಕಟ್ಟಿಕೊಂಡಿದ್ದ ಕಡೆ ಸಾಲು ಪೂರ್ತಿ ಹಸಿ, ಅಲ್ಲಿ ರೋಗ ಓಡುತ್ತದೆ. ಗಾಳಿ ಬೆಳಕು ಚೆನ್ನಾಗಿರುವ ಸಾಲು ಒಣ, ಅಲ್ಲಿ ನಿಧಾನ. ಹಾಗಾದರೆ ಪ್ರತಿ ಸಾಲಿಗೂ ಒಂದು ನಾಣ್ಯ ಚಿಮ್ಮಿ ಹಸಿ ಅಥವಾ ಒಣ ಅಂತ ಮೊದಲು ನಿರ್ಧಾರ ಮಾಡೋಣ, ಆಮೇಲೆ ಹಸಿ ಸಾಲಿನ ಬಾಗಿಲುಗಳಿಗೆ ಒಂದು ಪಿ, ಒಣ ಸಾಲಿಗೆ ಇನ್ನೊಂದು. ರೋಗ ತೋಟ ಪೂರ್ತಿ ಹಬ್ಬದೇ ಇರುವಷ್ಟು ಒಣ ಸಾಲುಗಳಿವೆ ಅಂತ ಇಟ್ಟುಕೊಳ್ಳಿ. ಆಗ ಒಂದು ಮರದಿಂದ ಹೊರಟ ರೋಗ ಎನ್ ಮರದಷ್ಟು ದೂರ ಮುಟ್ಟುವ ಸಾಧ್ಯತೆ ಎಷ್ಟು ವೇಗವಾಗಿ ಸೊನ್ನೆಗೆ ಇಳಿಯುತ್ತದೆ? ಇದೇ ನನ್ನ ಪಿಎಚ್‌ಡಿ ಪ್ರಶ್ನೆಯಾಯಿತು. ಇದು ಕೊಳೆರೋಗದ ನಿಜವಾದ ವಿಜ್ಞಾನ ಅಂತ ನಾನು ಹೇಳುವುದಿಲ್ಲ. ತೋಟದಿಂದ ಎತ್ತಿಕೊಂಡ ಚಿತ್ರ, ಅಷ್ಟೇ. ಗೈಡ್‌ಗೆ ಹೇಳಿದಾಗ ಅವರು ಬೋರ್ಡ್ ಮೇಲೆ ಚೌಕುಳಿ ಬರೆದು ಹತ್ತು ನಿಮಿಷ ಸುಮ್ಮನೆ ನೋಡುತ್ತಾ ನಿಂತು, "ಮಾಡು, ಚೆನ್ನಾಗಿದೆ" ಅಂದರು.

ಮಾಮೂಲಿ ಪರ್ಕೊಲೇಶನ್‌ನಲ್ಲಿ ಹೊಸ್ತಿಲಿನ ಕೆಳಗೆ ಇಳಿತ ಬಹಳ ಜೋರು, ಎಕ್ಸ್‌ಪೊನೆನ್ಷಿಯಲ್. ಅಂದರೆ 50 ಮರದ ದೂರ ಮುಟ್ಟುವ ಸಾಧ್ಯತೆ ಸಾವಿರದಲ್ಲಿ ಒಂದಿದ್ದರೆ 100 ಮರಕ್ಕೆ ಹತ್ತು ಲಕ್ಷದಲ್ಲಿ ಒಂದರ ಆಸುಪಾಸು. ನನ್ನ ಮಾದರಿಯಲ್ಲೂ ಹಾಗೇ ಅಂತ ಪ್ರೂಫ್ ಬರೆದೆ. ಎಂಟು ತಿಂಗಳು ಹಿಡಿಯಿತು, 31 ಪುಟ. ನಡುವೆ ಒಂದು ಲೆಮ್ಮಾ, ಅಂದರೆ ದೊಡ್ಡ ಪ್ರಮೇಯಕ್ಕೆ ಮೆಟ್ಟಿಲಾಗುವ ಸಣ್ಣ ಪ್ರಮೇಯ: ಎರಡು ಬೇರೆ ಬೇರೆ ದಾರಿ, ಎರಡಕ್ಕೂ ಸೇರಿದ ಬಾಗಿಲು ಒಂದೂ ಇಲ್ಲ, ಆದ್ದರಿಂದ ಎರಡೂ ತೆರೆದಿರುವ ಸಾಧ್ಯತೆ ಒಂದೊಂದರ ಗುಣಲಬ್ಧಕ್ಕಿಂತ ಜಾಸ್ತಿ ಅಲ್ಲ. ಮಾಮೂಲಿ ಮಾದರಿಯಲ್ಲಿ ಇದು ಸರಿ, ಅದಕ್ಕೆ 1985ರ ವ್ಯಾನ್ ಡೆನ್ ಬರ್ಗ್ ಮತ್ತು ಕೆಸ್ಟನ್ ಅಸಮತೆ ಇದೆ. ನಾನು ಅದನ್ನು ಎರಡು ಸಾಲಿನಲ್ಲಿ ಬರೆದು ಮುಂದೆ ಹೋದೆ. ಗೈಡ್ ಓದಿದರು, ಅವರಿಗೂ ಕಾಣಲಿಲ್ಲ. ಆ ಎರಡು ಸಾಲು ಅಷ್ಟು ಸಹಜವಾಗಿ ಕಾಣುತ್ತಿತ್ತು.

ತಪ್ಪು ಹೊರಗೆ ಬಂದದ್ದು ಕಂಪ್ಯೂಟರಿನಿಂದ. ಒಂದು ಸೆಮಿನಾರಿಗೆ ಚಂದದ ಚಿತ್ರ ಬೇಕು ಅಂತ ಸಿಮ್ಯುಲೇಶನ್ ಮಾಡಿದೆ, ಅಂದರೆ ಇಂಥ ತೋಟಗಳನ್ನು ಕಂಪ್ಯೂಟರಿನಲ್ಲೇ ಹುಟ್ಟಿಸಿ ರೋಗ ಓಡಿಸಿ ನೋಡಿದೆ. ಸಾಧ್ಯತೆಯ ಲಾಗ್ ತೆಗೆದು ದೂರದ ಎದುರು ಗೆರೆ ಎಳೆದರೆ, ನನ್ನ ಪ್ರಮೇಯದ ಪ್ರಕಾರ ನೇರ ಗೆರೆಯಾಗಿ ಕೆಳಗೆ ಇಳಿಯಬೇಕು. ಅದು ಮೊದಲು ನೇರ ಇಳಿದು ಆಮೇಲೆ ನಿಧಾನಕ್ಕೆ ಬಾಗಿ ಅಡ್ಡ ಮಲಗುತ್ತಿತ್ತು. ಕೋಡ್ ತಪ್ಪು ಅಂದುಕೊಂಡೆ. ಮತ್ತೆ ಬರೆದೆ. ಗೆಳತಿಯೊಬ್ಬಳ ಹತ್ತಿರ ಬೇರೆ ಭಾಷೆಯಲ್ಲಿ ಬರೆಸಿದೆ. ಎರಡು ತಿಂಗಳು ಹೀಗೇ ಹೋಯಿತು. ಗೆರೆ ಮಾತ್ರ ಬಾಗುತ್ತಲೇ ಇತ್ತು. ಆ ದಿನಗಳಲ್ಲಿ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಊಟ ಮಾಡುವಾಗಲೂ ಆ ಗೆರೆಯೇ ಕಣ್ಣ ಮುಂದೆ. ಪ್ರೂಫ್ ತಪ್ಪಿರಬಹುದು ಅನ್ನುವ ಮಾತು ಮನಸ್ಸಿಗೆ ಬಂದಾಗೆಲ್ಲ ಅದನ್ನು ಪಕ್ಕಕ್ಕೆ ತಳ್ಳಿ ಮತ್ತೆ ಕೋಡ್ ತೆರೆಯುತ್ತಿದ್ದೆ.

ದೀಪಾವಳಿ ರಜೆಗೆ ಊರಿಗೆ ಬಂದಾಗ ಲ್ಯಾಪ್‌ಟಾಪ್ ಬೆಂಗಳೂರಲ್ಲೇ ಬಿಟ್ಟು ಬಂದಿದ್ದೆ, ಬೇಕೆಂದೇ. ಜಗಲಿಯಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲಕ್ಕಿಂತ ಚಿಕ್ಕ ತೋಟ ಬರೆದೆ: ಒಂದೇ ಸಾಲು, ಎರಡೇ ಬಾಗಿಲು. ಹಸಿಯಾದರೆ ಬಾಗಿಲು ತೆರೆದಿರುವ ಸಾಧ್ಯತೆ 0.9, ಒಣವಾದರೆ 0.1. ಹಸಿಯೋ ಒಣವೋ ಅರ್ಧ ಅರ್ಧ. ಒಂದು ಬಾಗಿಲು ತೆರೆದಿರುವ ಸಾಧ್ಯತೆ ಸರಾಸರಿ 0.5. ಎರಡೂ ತೆರೆದಿರುವುದು? ನನ್ನ ಲೆಮ್ಮಾ ಪ್ರಕಾರ 0.25ಕ್ಕಿಂತ ಜಾಸ್ತಿ ಆಗಬಾರದು. ಕೈಲಿ ಲೆಕ್ಕ ಮಾಡಿದೆ. ಹಸಿಯಾದರೆ 0.9 ಗುಣಿಸು 0.9, ಅಂದರೆ 0.81. ಒಣವಾದರೆ 0.01. ಎರಡರ ಸರಾಸರಿ 0.41.

0.25 ಅಲ್ಲ, 0.41.

ಪೆನ್ನು ಕೆಳಗೆ ಇಟ್ಟೆ. ಎರಡು ಬಾಗಿಲು ಬೇರೆ ಬೇರೆ ಇದ್ದರೇನು, ಸಾಲು ಒಂದೇ. ಒಂದು ತೆರೆದಿದೆ ಅಂತ ಗೊತ್ತಾದ ಕೂಡಲೇ ಈ ಸಾಲು ಹಸಿ ಇರಬೇಕು ಅನ್ನುವ ಅನುಮಾನ ಬರುತ್ತದೆ, ಆಗ ಇನ್ನೊಂದೂ ತೆರೆದಿರುವ ಸಾಧ್ಯತೆ ಏರುತ್ತದೆ. ಸಾಲು ಯಾವುದು ಅಂತ ತಿಳಿದ ಮೇಲೆ ಮಾತ್ರ ಅವು ಸ್ವತಂತ್ರ. ತಿಳಿಯುವ ಮೊದಲು ಅಲ್ಲ. ಸರಾಸರಿಗಳನ್ನು ಗುಣಿಸುವುದು ಬೇರೆ, ಗುಣಿಸಿ ಸರಾಸರಿ ತೆಗೆಯುವುದು ಬೇರೆ. ಇದನ್ನು ನಾನೇ ಎಂ.ಎಸ್ಸಿ. ಹುಡುಗರಿಗೆ ಟ್ಯುಟೋರಿಯಲ್‌ನಲ್ಲಿ ಹೇಳಿಕೊಟ್ಟಿದ್ದೆ. 31 ಪುಟ ಆ ಎರಡು ಸಾಲಿನ ಮೇಲೆ ನಿಂತಿತ್ತು.

ಆಯಿ ಚಾ ತಂದಿಟ್ಟು ನನ್ನ ಮುಖ ನೋಡಿದಳು. "ಎಂತಾತೇ ಕೂಸೆ?" ಅಂದಳು. "ತಪ್ಪಾಗೋತು ಆಯಿ, ಎಲ್ಲಾ" ಅಂದೆ. ಅವಳು ಪಕ್ಕದಲ್ಲಿ ಕೂತಳು, ಏನೂ ಕೇಳಲಿಲ್ಲ. ಚಾ ಆರಿಹೋಯಿತು.

ಬೆಂಗಳೂರಿಗೆ ಹೋದ ದಿನವೇ ಗೈಡ್‌ಗೆ ಕ್ಯಾಲೆಂಡರಿನ ಹಾಳೆ ತೋರಿಸಿದೆ. ಆ ವಾರವೇ ಜರ್ನಲ್ಲಿಗೆ ಬರೆದು ಪೇಪರ್ ಹಿಂದೆ ತೆಗೆದುಕೊಂಡೆವು, ಆರ್ಕೈವ್‌ನಲ್ಲೂ ಯಾವ ಲೆಮ್ಮಾ ಯಾಕೆ ತಪ್ಪು ಅಂತ ಸ್ಪಷ್ಟವಾಗಿ ಬರೆದು ವಾಪಸ್ ಪಡೆದೆವು. ಅಲ್ಲಿಯವರೆಗೆ ಬಂದ ಒಬ್ಬ ವಿಮರ್ಶಕರ ವರದಿಯಲ್ಲಿ ಆ ತಪ್ಪಿನ ಮಾತೇ ಇರಲಿಲ್ಲ, ಎರಡು ಕಡೆ ಅಲ್ಪವಿರಾಮ ಹಾಕಿ ಅಂತ ಮಾತ್ರ ಇತ್ತು. ಸುಮ್ಮನಿದ್ದರೆ ಅಚ್ಚಾಗುತ್ತಿತ್ತೋ ಏನೋ. ಆದರೆ ಆ ಗೆರೆ ಬಾಗಿದ್ದನ್ನು ನಾನು ನೋಡಿದ್ದೆ.

ಮುಂದಿನ ಪ್ರಶ್ನೆ ಬೇರೆ. ಪ್ರೂಫ್ ಕೆಟ್ಟಿತು ಸರಿ, ಪ್ರಮೇಯ ನಿಜ ಇರಬಹುದಲ್ಲ? ನಾಲ್ಕು ತಿಂಗಳು ಅದನ್ನು ಉಳಿಸಲು ಹೋದೆ. ಆಗಲಿಲ್ಲ. ಆಮೇಲೆ ಗೈಡ್ ಒಂದು ಮಾತು ಹೇಳಿದರು: ಕಂಪ್ಯೂಟರನ್ನು ನಂಬು, ಗೆರೆ ಯಾಕೆ ಬಾಗುತ್ತದೆ ಅಂತ ಕೇಳು. ರೋಗ ಬಹಳ ದೂರ ಹೋದ ತೋಟಗಳನ್ನು ಮಾತ್ರ ಆರಿಸಿ ಮುದ್ರಿಸಿ ನೋಡು.

ಮುದ್ರಿಸಿ ಗೋಡೆಗೆ ಅಂಟಿಸಿದೆ. ಹನ್ನೆರಡು ಚಿತ್ರ. ಎಲ್ಲದರಲ್ಲೂ ಒಂದೇ ಸಂಗತಿ ಎದ್ದು ಕಾಣುತ್ತಿತ್ತು. ರೋಗ ದೂರ ಹೋದ ಕಡೆ ಏಳೆಂಟು ಹಸಿ ಸಾಲುಗಳು ಒತ್ತೊತ್ತಾಗಿ ಸಿಕ್ಕಿದ್ದವು, ರೋಗ ಅದರೊಳಗೇ ರಸ್ತೆಯಲ್ಲಿ ಹೋದ ಹಾಗೆ ನೇರ ಹೋಗಿತ್ತು. ಅಪರೂಪದ ಘಟನೆ ನಡೆದರೆ ಇದ್ದುದರಲ್ಲಿ ಕಡಿಮೆ ಖರ್ಚಿನ ದಾರಿಯಲ್ಲಿ ನಡೆಯುತ್ತದೆ. ಲಾರ್ಜ್ ಡೀವಿಯೇಶನ್ಸ್ ಅನ್ನುವ ಶಾಖೆಯ ತಿರುಳೇ ಇದು, ಅದಕ್ಕೆ ಒಂದು ಸಮಗ್ರ ಸಿದ್ಧಾಂತ ಕಟ್ಟಿದ ಎಸ್. ಆರ್. ಶ್ರೀನಿವಾಸ ವರದನ್ ಅವರಿಗೆ 2007ರಲ್ಲಿ ಗಣಿತದ ದೊಡ್ಡ ಗೌರವವಾದ ಆಬೆಲ್ ಪ್ರಶಸ್ತಿ ಬಂತು. ವರದನ್ ಕಲಿತದ್ದು ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ, ನಮ್ಮ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ಕೆಳಗೆ. ಅವರ ಸಿದ್ಧಾಂತವನ್ನು ಕ್ಲಾಸಿನಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಗೋಡೆಯ ಮೇಲಿನ ಹನ್ನೆರಡು ಚಿತ್ರ ನೋಡಿದ ದಿನ ಅದು ನನಗೆ ಅರ್ಥವಾಯಿತು.

ಲೆಕ್ಕ ಹೀಗಿದೆ. ಸತತ ಹತ್ತು ಸಾಲು ಹಸಿಯಾಗುವ ಸಾಧ್ಯತೆ 1024ರಲ್ಲಿ ಒಂದು. ಹಸಿ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಈ ಸಾಧ್ಯತೆ ಅರ್ಧಕ್ಕೆ ಇಳಿಯುತ್ತದೆ, ಅದು ಖರ್ಚು. ಆದರೆ ಪಟ್ಟಿಯ ಒಳಗೆ ಪಿ ಹೊಸ್ತಿಲಿಗಿಂತ ಮೇಲಿದೆ. ಅಲ್ಲಿ ರೋಗವನ್ನು ತಡೆಯಬೇಕಾದರೆ ಪಟ್ಟಿಯ ಅಗಲಕ್ಕೂ ಮುಚ್ಚಿದ ಬಾಗಿಲುಗಳ ಬೇಲಿ ಬೇಕು. ಒಂದು ಸಾಲು ಅಗಲವಾದಾಗೆಲ್ಲ ಅಂಥ ಬೇಲಿ ಇಂತಿಷ್ಟು ಪಟ್ಟು ಅಪರೂಪವಾಗುತ್ತದೆ, ರೋಗ ಹೋಗುವ ದೂರ ಅಷ್ಟು ಪಟ್ಟು ಬೆಳೆಯುತ್ತದೆ, ಅದು ಲಾಭ. ಖರ್ಚೂ ಗುಣಾಕಾರ, ಲಾಭವೂ ಗುಣಾಕಾರ. ಎರಡನ್ನೂ ಸೇರಿಸಿದರೆ ಎನ್ ದೂರ ಮುಟ್ಟುವ ಸಾಧ್ಯತೆ ಎನ್‌ನ ಒಂದು ಘಾತದಂತೆ ಮಾತ್ರ ಇಳಿಯುತ್ತದೆ. ದೂರ ಎರಡರಷ್ಟಾದರೆ ಸಾಧ್ಯತೆ, ಉದಾಹರಣೆಗೆ, ಕಾಲು ಭಾಗಕ್ಕೆ ಬರುತ್ತದೆ. ಸಾವಿರದಲ್ಲಿ ಒಂದಿದ್ದದ್ದು ಹತ್ತು ಲಕ್ಷದಲ್ಲಿ ಒಂದಾಗುವುದಿಲ್ಲ, ನಾಲ್ಕು ಸಾವಿರದಲ್ಲಿ ಒಂದಾಗುತ್ತದೆ. ನನ್ನ ಮೊದಲ ಪ್ರಮೇಯ ಉಳಿಯುವ ಹಾಗೇ ಇರಲಿಲ್ಲ.

ಈ ಥರದ್ದನ್ನು ಭೌತಶಾಸ್ತ್ರದವರು ಅಯಸ್ಕಾಂತಗಳಲ್ಲಿ ಮೊದಲೇ ಕಂಡಿದ್ದರು. ಪದರ ಪದರವಾಗಿ ಬದಲಾಗುವ ಮಾದರಿಯನ್ನು ಮೆಕಾಯ್ ಮತ್ತು ವು 1968ರಲ್ಲಿ ಕೊಟ್ಟಿದ್ದಾರೆ, ಮರುವರ್ಷ ಗ್ರಿಫಿತ್ಸ್ ಅಪರೂಪದ ಪ್ರದೇಶಗಳು ಇಡೀ ವ್ಯವಸ್ಥೆಯ ಸ್ವಭಾವವನ್ನು ಬದಲಿಸುವುದನ್ನು ತೋರಿಸಿದ್ದಾರೆ. ನಾನು ಅವರನ್ನು ಮೊದಲೇ ಓದಿದ್ದರೆ ಒಂದೂವರೆ ವರ್ಷ ಉಳಿಯುತ್ತಿತ್ತು. ಗಣಿತದವರು ಪಕ್ಕದ ವಿಭಾಗದ ಪೇಪರ್ ಓದುವುದಿಲ್ಲ, ಇದು ನಮ್ಮಲ್ಲಿ ಇರುವ ನಿಜವಾದ ಕೊರತೆ. ಆದರೂ ನನ್ನ ಮಾದರಿಗೆ ಮೇಲಿನ ಮಿತಿ (ಸಾಧ್ಯತೆ ಇದಕ್ಕಿಂತ ಜಾಸ್ತಿ ಅಲ್ಲ), ಕೆಳಗಿನ ಮಿತಿ (ಇದಕ್ಕಿಂತ ಕಡಿಮೆ ಅಲ್ಲ) ಎರಡನ್ನೂ ಪಕ್ಕಾ ಪ್ರೂಫ್ ಮಾಡಲು ಮತ್ತೆ ಒಂದು ವರ್ಷ ಬೇಕಾಯಿತು. ಕೆಳಗಿನ ಮಿತಿ ಮೇಲೆ ಹೇಳಿದ್ದೇ, ಎರಡು ವಾರದ ಕೆಲಸ. ಮೇಲಿನದು ಕಷ್ಟ. ಅಲ್ಲಿ ಮೊದಲು ಯಾವ ಸಾಲು ಹಸಿ, ಯಾವುದು ಒಣ ಅಂತ ಹಿಡಿದಿಟ್ಟುಕೊಂಡು, ಅದೊಂದೇ ತೋಟದಲ್ಲಿ ಲೆಕ್ಕ ಮುಗಿಸಿ, ಗುಣಿಸುವುದೆಲ್ಲ ಅಲ್ಲೇ ಮಾಡಿ, ಕೊನೆಗೆ ತೋಟಗಳ ಮೇಲೆ ಸರಾಸರಿ ತೆಗೆಯಬೇಕು. ಕ್ರಮ ತಪ್ಪಿದರೆ ಮತ್ತೆ 0.25 ಮತ್ತು 0.41ರ ಕತೆ. ಆ ಪೇಪರ್ 44 ಪುಟ ಆಯಿತು, ಅಚ್ಚೂ ಆಯಿತು. ನನ್ನ ಥೀಸಿಸ್ ಅದೇ.

ಅಲ್ಲಿಂದ ಈಚೆಗೆ ನಾನು ಕೆಲಸ ಮಾಡುವ ರೀತಿ ಬದಲಾಗಿದೆ. ಯಾವ ಲೆಮ್ಮಾ ಬರೆದರೂ ಎರಡು ಬಾಗಿಲಿನ ತೋಟದಲ್ಲಿ ಕೈಲಿ ಲೆಕ್ಕ ಮಾಡದೇ ಮುಂದೆ ಹೋಗುವುದಿಲ್ಲ. "ಸ್ಪಷ್ಟ" ಅಂತ ಬರೆಯಬೇಕು ಅನ್ನಿಸಿದ ಜಾಗದಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ ಅದಕ್ಕೇ ಒಂದು ಇಡೀ ದಿನ ಇಡುತ್ತೇನೆ. ಸಿಮ್ಯುಲೇಶನ್ ಪ್ರೂಫಿಗಿಂತ ಮೊದಲು ಮಾಡುತ್ತೇನೆ, ಆಮೇಲೆ ಅಲ್ಲ. ಬೆಳಿಗ್ಗೆ ಮೂರು ಗಂಟೆ ಕಾಗದ ಪೆನ್ನು ಮಾತ್ರ. ವಾರದಲ್ಲಿ ನಾಲ್ಕು ದಿನ ಏನೂ ಆಗುವುದಿಲ್ಲ, ಅದು ಹಾಗೇ ಇರುತ್ತದೆ. ವಿದ್ಯಾರ್ಥಿಗಳು "ಈ ವಾರ ಏನೂ ಆಗಿಲ್ಲ ಮೇಡಂ" ಅಂತ ಮುಖ ಸಣ್ಣ ಮಾಡಿಕೊಂಡು ಬಂದರೆ, ಎಲ್ಲಿ ನಿಂತಿತು ಅಂತ ತೋರಿಸು ಅನ್ನುತ್ತೇನೆ. ನಿಂತ ಜಾಗ ಸರಿಯಾಗಿ ತೋರಿಸಲು ಬಂದರೆ ಅದು ಒಂದು ವಾರದ ಕೆಲಸವೇ.

ಹೋದ ಮಳೆಗಾಲದಲ್ಲಿ ಮಾವನಿಗೆ ಈ ಪ್ರಮೇಯ ವಿವರಿಸಿದೆ. ಅಂಗಳದಲ್ಲಿ ಅಡಿಕೆ ಸಿಪ್ಪೆ ಜೋಡಿಸಿ ಸಾಲು ಮಾಡಿ ತೋರಿಸಿದೆ. ಪೂರ್ತಿ ಕೇಳಿ, "ಹಂಗಾದ್ರೆ ನಡುವೆ ನಡುವೆ ಒಂದೊಂದು ಸಾಲು ಒಣ ಇಟ್ಕಂಡ್ರೆ ಸಾಕನೇ? ಎಷ್ಟು ಸಾಲಿಗೊಂದು?" ಅಂತ ಕೇಳಿದ. ಒಣ ಸಾಲುಗಳನ್ನು ನಾಣ್ಯ ಚಿಮ್ಮಿ ಬಿಡದೇ ನಾವೇ ಲೆಕ್ಕ ಹಾಕಿ ಇಟ್ಟರೆ ಉದ್ದದ ಹಸಿ ಪಟ್ಟಿ ಹುಟ್ಟುವುದೇ ಇಲ್ಲ, ಆದರೆ ರೋಗ ಒಣ ಸಾಲನ್ನು ದಾಟಿ ಪಕ್ಕದ ಪಟ್ಟಿಗೆ ಜಿಗಿಯಬಹುದು. ಪಟ್ಟಿ ಅಗಲವಾದಷ್ಟೂ ಜಿಗಿಯಲು ಅವಕಾಶ ಜಾಸ್ತಿ. ಎಷ್ಟು ಅಗಲದವರೆಗೆ ಆ ಜೋರಾದ ಇಳಿತ ವಾಪಸ್ ಬರುತ್ತದೆ ಅನ್ನುವುದು ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯಾಗಿತ್ತು. ಈಗ ನನ್ನ ಒಬ್ಬಳು ವಿದ್ಯಾರ್ಥಿನಿ, ಅಂಕೋಲಾ ಕಡೆಯವಳು, ಅದರ ಮೇಲೆ ಕೂತಿದ್ದಾಳೆ. ಎರಡು ಹಸಿ ಸಾಲಿಗೆ ಒಂದು ಒಣ ಸಾಲು ಇಟ್ಟರೆ ಲೆಕ್ಕ ಕೈಗೆ ಬಂದಿದೆ. ಮೂರಕ್ಕೆ ಹೋದರೆ ಒಂದು ಅಸಮತೆ ಸ್ವಲ್ಪದರಲ್ಲಿ ತಪ್ಪುತ್ತಿದೆ, ಕಂಪ್ಯೂಟರಿನ ಗೆರೆ ಮಾತ್ರ ನೇರವೇ ಇದೆ.